ಎದೆಯೊಳಗಿನ ಬಾಗಿಲು

ಮಕ್ಕಳ ಗಂಟಲು ಬೇನೆಯನ್ನು ಉದಾಸೀನ ಮಾಡಬಾರದು. ಕೆಲವರಲ್ಲಿ ಅದು ರುಮ್ಯಾಟಿಕ್ ಜ್ವರಕ್ಕೆ ತಿರುಗಿ ಹೃದಯದ ಕವಾಟವನ್ನೇ ಕೆಡಿಸುತ್ತದೆ. ತೀರಾ ಕೆಟ್ಟರೆ ಕೃತಕ ಕವಾಟ ಜೋಡಿಸಬೇಕು. ಹಿಂದೆ ಅದು ವಿದೇಶದಿಂದಲೇ ಬರಬೇಕಿತ್ತು. ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ವೈದ್ಯರೂ ಇಂಜಿನಿಯರುಗಳೂ ಕೂಡಿ ಅದನ್ನು ಇಲ್ಲಿಯೇ ತಯಾರಿಸಲು ಹೊರಟರು. ಕೆಲಸವೇನು ಸುಲಭದ್ದೆ? ಹೃದಯ ನಿಮಿಷಕ್ಕೆ 72 ಸಲ ಬಡಿದರೆ ಕವಾಟ ದಿನಕ್ಕೆ ಲಕ್ಷಕ್ಕೂ ಹೆಚ್ಚು, ವರ್ಷಕ್ಕೆ ಸುಮಾರು 3.8 ಕೋಟಿ ಸಲ ತೆರೆದು ಮುಚ್ಚಬೇಕು. ಸವೆಯಿತೆಂದು ನಡುವೆ ಬಿಚ್ಚಿ ಎಣ್ಣೆ ಬಿಡುವಂತಿಲ್ಲ!

ಮೊದಲ ಮೂರು ಮಾದರಿಗಳು ಸೋತವು. ಬಲು ಗಟ್ಟಿಯಾದ ಕೃತಕ ನೀಲಮಣಿಯ ಬಿಲ್ಲೆಯನ್ನೂ ಹಾಕಿ ನೋಡಿ ಕೈಬಿಟ್ಟರು. ನಾಲ್ಕನೆಯ ಮಾದರಿಯಲ್ಲಿ ಗೆದ್ದದ್ದು ಅದಕ್ಕಿಂತ ಎಷ್ಟೋ ಮೆದುವಾದ, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆ. 1990ರ ಡಿಸೆಂಬರಿನಲ್ಲಿ ಆ ಕವಾಟ ಮೊದಲ ಬಾರಿಗೆ ರೋಗಿಯ ಎದೆ ಸೇರಿತು.

ಪ್ರಯೋಗ ತಪ್ಪಿತೆಂದು ಹುಡುಗರು ಮುಖ ಸಪ್ಪೆ ಮಾಡಿದಾಗ ನಾನು ಆ ಮೂರು ಕವಾಟಗಳ ಕಥೆ ಹೇಳುತ್ತೇನೆ. ಅವು ಪರೀಕ್ಷೆಯಲ್ಲೇ ಸೋತದ್ದರಿಂದ ರೋಗಿಗಳು ಉಳಿದರು.