ಅಳಿಸಿದರೂ ಅಳಿಯದ ಸಾಕ್ಷ್ಯ

ಕಲಬುರಗಿ ಜಿಲ್ಲೆಯ ಯಡ್ರಾಮಿ, ಜೇವರ್ಗಿ, ಅಫಜಲಪುರಗಳಂಥ ಊರುಗಳಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಾಗಿ ವರ್ಷಗಟ್ಟಲೆ ಓದುವ ತರುಣರು ಅನೇಕರು. ಅವರ ಶ್ರಮವನ್ನು ಕಾಯುವ ವಿದ್ಯೆಗಳಲ್ಲಿ ಗಣಕಯಂತ್ರದ ಸಾಕ್ಷ್ಯಶೋಧನೆಯೂ ಒಂದೆಂಬುದನ್ನು ನಾವಿನ್ನೂ ಚೆನ್ನಾಗಿ ಮನಗಂಡಿಲ್ಲ.

2021ರ ಅಕ್ಟೋಬರ್ 3ರಂದು 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯ ಕೇಂದ್ರವೊಂದರ ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಸರ್ಕಾರವು ಆ ಪರೀಕ್ಷೆಯನ್ನೇ ರದ್ದುಗೊಳಿಸಿತು. ಮರುಪರೀಕ್ಷೆ ನಡೆದುದು 2024ರ ಜನವರಿಯಲ್ಲಿ. ತಪ್ಪು ಮಾಡದವರೂ ಎರಡು ವರ್ಷಕ್ಕೆ ಮಿಕ್ಕಿ ಕಾಯಬೇಕಾಯಿತು. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಬಳಸಿ ಪರೀಕ್ಷೆ ಬರೆದವರು ಸಿಕ್ಕಿಬಿದ್ದರು. ಇಂಥ ಅಪರಾಧಗಳಿಗೆ ಕಣ್ಣಾರೆ ಕಂಡವರು ವಿರಳ. ಮೊಬೈಲು, ಗಣಕಯಂತ್ರಗಳ ಸ್ಮೃತಿಯೇ ಅನೇಕ ವೇಳೆ ಮುಖ್ಯ ಸಾಕ್ಷಿ.

ಅಳಿಸಿಬಿಟ್ಟರೆ ಆ ಸಾಕ್ಷಿ ಸತ್ತಂತೆಯೇ? ಅಲ್ಲ. ಗ್ರಂಥಾಲಯದ ಸೂಚಿಯಿಂದ ಒಂದು ಚೀಟಿಯನ್ನು ಹರಿದೊಗೆದರೂ ಪುಸ್ತಕವು ಕಪಾಟಿನಲ್ಲಿಯೇ ಉಳಿದಿರುವುದಷ್ಟೆ? ಹಾರ್ಡ್‌ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗಲೂ ಸಾಮಾನ್ಯವಾಗಿ ಹೀಗೆಯೇ. ಆ ಸ್ಥಳದಲ್ಲಿ ಹೊಸ ಬರಹ ಬೀಳುವವರೆಗೂ ಹಳೆಯದನ್ನು ಮರಳಿ ಪಡೆಯಬಹುದು. ಆದರೆ ಇಂದಿನ ಎಸ್‌ಎಸ್‌ಡಿಗಳು ತೆರವಾದ ಕೋಶಗಳನ್ನು ತಾವಾಗಿಯೇ ಬರಿದು ಮಾಡಿಬಿಡುವುದುಂಟು. ಆದುದರಿಂದ ಕಾಲವೇ ಇಲ್ಲಿ ಶತ್ರು.

ತಜ್ಞನು ಮೂಲಯಂತ್ರವನ್ನು ತೆರೆದು ನೋಡುವುದಿಲ್ಲ. ಏನನ್ನೂ ಬರೆಯಗೊಡದ ಉಪಕರಣದ ಮೂಲಕ ಅದರ ಯಥಾಪ್ರತಿಯನ್ನು ತೆಗೆದು, ಎರಡರ ‘ಹ್ಯಾಶ್’ ಸಂಖ್ಯೆಯನ್ನೂ ಗಣಿಸುತ್ತಾನೆ. ಒಂದೇ ಅಕ್ಷರ ಬದಲಾದರೂ ಈ ಸಂಖ್ಯೆ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರವೂ ಈ ಸಂಖ್ಯೆಯನ್ನು ಕೇಳುತ್ತದೆ. ಇದು ಅಪರಾಧಿಯನ್ನು ಹಿಡಿಯಲು ಮಾತ್ರವಲ್ಲ, ಸುಳ್ಳು ಕಡತವನ್ನು ಆಮೇಲೆ ಸೇರಿಸಿ ನಿರಪರಾಧಿಯನ್ನು ಸಿಲುಕಿಸದಂತೆ ತಡೆಯಲೂ ಬೇಕಾದ ಕಾವಲು.

ನಗರಗಳಲ್ಲಿ ಪ್ರಯೋಗಾಲಯಗಳಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ವಶಪಡಿಸಿಕೊಂಡ ಯಂತ್ರವನ್ನು ಕುತೂಹಲಕ್ಕಾಗಿ ಒಮ್ಮೆ ತೆರೆದರೂ ಅದರೊಳಗಿನ ದಿನಾಂಕಗಳು ಬದಲಾಗಬಹುದು. ಜಾಲದಿಂದ ಬೇರ್ಪಡಿಸದ ಮೊಬೈಲನ್ನು ದೂರದಿಂದಲೇ ಬರಿದು ಮಾಡಬಹುದು. ಮೊದಲ ಗಂಟೆಯಲ್ಲಿ ಕೆಟ್ಟುದನ್ನು ಯಾವ ಪ್ರಯೋಗಾಲಯವೂ ಸರಿಪಡಿಸಲಾರದು. ಆದ್ದರಿಂದ ಯಡ್ರಾಮಿಯಂಥ ಪ್ರತಿಯೊಂದು ತಾಲ್ಲೂಕು ಕೇಂದ್ರದ ಠಾಣೆಯಲ್ಲಿಯೂ ಈ ಕೆಲಸ ಬಲ್ಲ ಸಿಬ್ಬಂದಿಯೂ ಅಗತ್ಯ ಉಪಕರಣಗಳೂ ಇರಲೇಬೇಕು. ಜೊತೆಗೆ, ಮೊಬೈಲಿನಲ್ಲಿ ಮನುಷ್ಯನ ಇಡೀ ಖಾಸಗಿ ಬಾಳೇ ಇರುವುದರಿಂದ, ಶೋಧನೆಯು ಪ್ರಕರಣದ ಎಲ್ಲೆಯನ್ನು ಮೀರಬಾರದು.

ವಿದ್ಯಾರ್ಥಿಗಳು ಈ ಶಾಸ್ತ್ರದತ್ತ ಮನಸ್ಸು ಕೊಡಲಿ. ಕಳ್ಳನನ್ನೂ ಸತ್ಯವಂತನನ್ನೂ ಖಚಿತವಾಗಿ ಬೇರ್ಪಡಿಸಬಲ್ಲ ನಾಡಿನಲ್ಲಿ ಒಬ್ಬನ ಪಾಪಕ್ಕೆ ಸಾವಿರಾರು ಜನರು ದಂಡ ತೆರಬೇಕಾದ ಪ್ರಸಂಗಗಳು ಕಡಮೆಯಾಗುತ್ತವೆ.