ಪುಕ್ಕಟೆ ವಿಮಾನ, ಕಬ್ಬಿನ ಬಿಲ್ಲು

ವಿಮಾನದ ಪಾಯಿಂಟ್ ಕೊಡೂ ಕ್ರೆಡಿಟ್ ಕಾರ್ಡ್ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮನಿಗೆ ಬೇಕೋ ಬ್ಯಾಡೋ? ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ತಿಂಗಳಾ ತಿಂಗಳಾ ಪಗಾರ ಬರೂ ಮನಿ ಇದ್ದು, ವರ್ಷಕ್ಕ ನಾಕೈದು ಸಲ ಹೆಂಗಿದ್ರೂ ವಿಮಾನ ಹತ್ತವ್ರಿದ್ರ ವಿಚಾರ ಮಾಡ್ರಿ. ಕಬ್ಬಿನ ಬಿಲ್ ಮ್ಯಾಲ ನಡಿಯೂ ಮನಿ ಇದ್ರ ಬ್ಯಾಡ್ರಿ. ಯಾಕ ಅಂತ ಲೆಕ್ಕ ಸಮೇತ ಹೇಳ್ತೀನಿ, ಆಮ್ಯಾಲ ನಿಮ್ಮ ಇಷ್ಟ.

ಈ ಪ್ರಶ್ನಿ ಹತ್ತು ವರ್ಷದ ಹಿಂದ ನಮ್ಮ ಅಡಗಿಮನ್ಯಾಗ ಬರ್ತಿರ್ಲಿಲ್ಲ. ಬೆಂಗಳೂರಿಗೆ ಹೋಗೂದಂದ್ರ ಘಟಪ್ರಭಾ ಸ್ಟೇಶನ್ನಿನ್ಯಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿಯೂದು, ಬುತ್ತಿ ಬಿಚ್ಚಿ ಉಣ್ಣೂದು, ಮಲಗೂದು. ಈಗ ಮನಿಗೊಬ್ಬರು ಬೆಂಗಳೂರಾಗೋ ಹೈದರಾಬಾದಿನ್ಯಾಗೋ ನೌಕರಿಗೆ ಅದಾರ. ಬೆಳಗಾವಿ ಸಾಂಬ್ರಾದಿಂದ ವಿಮಾನ ಹಾರ್ತಾವ. ಹಬ್ಬಕ್ಕ ಬಂದ ಮಕ್ಕಳು, "ಅವ್ವಾ, ಹೆಂಗೂ ಕಿರಾಣಿಗೆ ರೊಕ್ಕ ಕೊಡ್ತಿ, ಕಾರ್ಡ್ ಮ್ಯಾಲ ಕೊಟ್ರ ಟಿಕೆಟ್ ಪುಕ್ಕಟೆ ಬರ್ತೈತಿ" ಅಂತಾರ. ಅವರು ಸುಳ್ಳು ಹೇಳೂದಿಲ್ಲ. ಆದ್ರ ಅವರ ಲೆಕ್ಕ ಅವರ ಪಗಾರದ ಲೆಕ್ಕ, ನಮ್ಮ ಮನಿ ಲೆಕ್ಕ ಬ್ಯಾರೆ.

ಮೊದಲ ಪುಕ್ಕಟೆ ಅನ್ನೂದು ಎಷ್ಟು ಪುಕ್ಕಟೆ ನೋಡೂಣು. ತಿಂಗಳಿಗೆ 25,000 ರೂಪಾಯಿ ಕಾರ್ಡ್ ಮ್ಯಾಲ ಖರ್ಚ ಮಾಡ್ತೀರಿ ಅಂತ ಇಟಗೋರಿ. ವರ್ಷಕ್ಕ 3 ಲಕ್ಷ ಆತು. ನೂರು ರೂಪಾಯಿಗೆ ಒಂದು ರೂಪಾಯಿ ಬೆಲಿ ಪಾಯಿಂಟ್ ಬಂದ್ರ 3,000 ರೂಪಾಯಿ. ಕಾರ್ಡಿನ ವರ್ಷದ ಫೀ 1,000 ಇದ್ರ, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಹಿಡಿದು 1,180. ಕೈಯಾಗ ಉಳಿದಿದ್ದು 1,820 ರೂಪಾಯಿ. ವರ್ಷಪೂರ್ತಿ ದುಡದು ಗಳಿಸಿದ ವಿಮಾನ ಇಷ್ಟ. ಪಾಯಿಂಟ್ ಕೊಟ್ಟು ಟಿಕೆಟ್ ತಗೊಂಡ್ರೂ ಬಹಳ ಕಡೆ ಟ್ಯಾಕ್ಸ್, ಏರ್‌ಪೋರ್ಟ್ ಶುಲ್ಕ ಕೈಯಿಂದ ಕೊಡಬೇಕಾಗ್ತೈತಿ.

ಕಾರ್ಡ್ ಮಾರಾವ್ರು "10,000 ಪಾಯಿಂಟ್ ಕೊಡ್ತೀವಿ" ಅಂದಾಗ ನಾವು ಅದನ್ನ ರೂಪಾಯಿ ಅನ್ಕೋತೀವಿ. ಒಂದು ಪಾಯಿಂಟಿನ ಬೆಲಿ ಒಂದು ಕಾರ್ಡಿಗೆ 25 ಪೈಸಾ ಇರಬಹುದು, ಇನ್ನೊಂದಕ್ಕ ಒಂದು ರೂಪಾಯಿ ಇರಬಹುದು. ಬೆಂಡಿಕಾಯಿ ಕೊಳ್ಳೂವಾಗ ಕಿಲೋಕ್ಕ ಎಷ್ಟು ಅಂತ ಕೇಳ್ತೀವಲ್ಲ, ಹಂಗ "ಒಂದು ಪಾಯಿಂಟಿಗೆ ಎಷ್ಟು ಪೈಸಾ?" ಅಂತ ಕೇಳ್ರಿ. ನೆಟ್ಟಗ ಉತ್ತರ ಬರ್ಲಿಲ್ಲಂದ್ರ ಫೋನ್ ಇಟ್ಟಬಿಡ್ರಿ.

ಇನ್ನ ಖರ್ಚ ಎಲ್ಲಿ ಮಾಡ್ತೀವಿ ಅನ್ನೂದು. ನಮ್ಮ ಬಜಾರದಾಗ ಕರದಂಟಿನ ಅಂಗಡಿಯಿಂದ ಹಿಡಿದು ಕಾಯಿಪಲ್ಲೆ ಬುಟ್ಟಿತನಕ ಕ್ಯೂಆರ್ ಬೋರ್ಡ್ ಐತಿ, ಕಾರ್ಡ್ ಉಜ್ಜೂ ಮಷಿನ್ ದೊಡ್ಡ ಅಂಗಡಿಗೊಳಾಗಷ್ಟ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸಿ ಸ್ಕ್ಯಾನ್ ಮಾಡಾಕ ಬರ್ತೈತಿ. ಆದ್ರ ವಿಮಾನದ ಕಾರ್ಡ್ ಬಹಳಷ್ಟು ವೀಸಾ ಇಲ್ಲಾ ಮಾಸ್ಟರ್‌ಕಾರ್ಡ್ ಇರ್ತಾವ, ಅವು ಈ ಬೋರ್ಡಿಗೆ ನಡಿಯೂದಿಲ್ಲ. ಪೆಟ್ರೋಲ್, ಮನಿ ಬಾಡಿಗಿಗೆ ಬಹಳ ಕಾರ್ಡ್ ಪಾಯಿಂಟ್ ಕೊಡೂದಿಲ್ಲ. ಕರೆಂಟ್ ಬಿಲ್ಲು, ಗೋಕಾಕದಾಗ ಹೆಸ್ಕಾಂದ್ದಾಗಲಿ, ಹುಕ್ಕೇರಿಯಾಗ ಸಹಕಾರಿ ಸಂಘದ್ದಾಗಲಿ, ಅದಕ್ಕೂ ಕೆಲವು ಕಾರ್ಡ್ ಮಿತಿ ಹಾಕ್ಯಾವ. ಗೊಬ್ಬರದ ಅಂಗಡಿ, ಆಳಿನ ಪಗಾರ, ಭಿಶಿ ಕಂತು ಇವನ್ನೆಲ್ಲ ತಗದಮ್ಯಾಲ ಆ 25,000ದಾಗ ಕಾರ್ಡಿಗೆ ಎಷ್ಟು ಉಳೀತೈತಿ, ನೀವ ಬರದು ನೋಡ್ರಿ.

ಮುಂದಿಂದು ಸಾಂಬ್ರಾದ ಮಾತು. ಒಂದ ಕಂಪನಿ ಹೆಸರಿನ ಕಾರ್ಡ್ ತಗೊಂಡ್ರ ಆ ಕಂಪನಿ ವಿಮಾನ ನಮ್ಮೂರ ಹತ್ತಿರ ಬರಬೇಕಲ್ಲ? ನಮ್ಮ ಕಡೆ ವಿಮಾನ ಬಂದಿದ್ದು ಬಹಳಷ್ಟು ಉಡಾನ್ ಯೋಜನೆ ಆಸರದಾಗ. ಆ ಯೋಜನ್ಯಾಗ ಒಂದು ಮಾರ್ಗಕ್ಕ ಸರಕಾರದ ಸಹಾಯಧನ ಮೂರು ವರ್ಷ. ಆಮ್ಯಾಲ ಮಂದಿ ತುಂಬಿದ್ರ ಹಾರ್ತೈತಿ, ಇಲ್ಲಂದ್ರ ಇಲ್ಲ. ಮಾರ್ಗ ಹೋದ್ರ ಪಾಯಿಂಟ್ ಹಿಡಕೊಂಡು ಹುಬ್ಬಳ್ಳಿಗೋ ಗೋವಾಕ್ಕೋ ಗಾಡಿ ಮಾಡ್ಕೊಂಡು ಹೋಗಬೇಕು. ಗಾಡಿ ಬಾಡಿಗಿಗೆ ಯಾರೂ ಪಾಯಿಂಟ್ ಕೊಡೂದಿಲ್ಲ.

ಮಾರ್ಗ ಅಷ್ಟ ಅಲ್ಲ, ಕಂಪನಿನ ಹೋಗ್ತಾವ. ಕಿಂಗ್‌ಫಿಶರ್ 2012ರ ಅಕ್ಟೋಬರದಾಗ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕ ನಿಂತಿತು. ಗೋ ಫಸ್ಟ್ 2023ರ ಮೇ ತಿಂಗಳಾಗ ನಿಂತಿತು. ವಿಸ್ತಾರಾ 2024ರ ನವೆಂಬರ್ 12ಕ್ಕ ಏರ್ ಇಂಡಿಯಾದಾಗ ಕೂಡಿತು. ಅದರ ಪಾಯಿಂಟ್ ಏರ್ ಇಂಡಿಯಾಕ್ಕ ಹೋದೂ ಖರೆ, ಆದ್ರ ಕಾರ್ಡ್ ತಗೊಂಡಿದ್ದು ಯಾವ ಹೆಸರು ನೋಡಿ, ಉಳಿದಿದ್ದು ಯಾವ ಹೆಸರು? ಪಾಯಿಂಟಂದ್ರ ಬಂಗಾರ ಅಲ್ಲ, ಪೆಟ್ಟಿಗ್ಯಾಗ ಇಟ್ಟು ಮಗಳ ಲಗ್ನಕ್ಕ ತಗ್ಯಾಕ. ಅದು ಕಾಯಿಪಲ್ಲೆ ಇದ್ದಂಗ, ಬಂದ ವರ್ಷಾನ ತಿಂದಬಿಡಬೇಕು.

ಇವೆಲ್ಲ ಸಣ್ಣ ಮಾತು. ದೊಡ್ಡ ಮಾತು ಬ್ಯಾರೆ ಐತಿ. ಕಾರ್ಡಿನ ಬಿಲ್ಲು ಬರೂದು ತಿಂಗಳಿಗೊಮ್ಮೆ, ಕಬ್ಬಿನ ಬಿಲ್ಲು ಬರೂದು ಕಾರ್ಖಾನಿ ಕೊಟ್ಟಾಗ. 1966ರ ಕಬ್ಬು ನಿಯಂತ್ರಣ ಆದೇಶದಾಗ ಕಬ್ಬು ಕಳಿಸಿದ 14 ದಿನದಾಗ ರೊಕ್ಕ ಕೊಡಬೇಕು, ತಡಾ ಆದ್ರ ವರ್ಷಕ್ಕ 15 ಪರ್ಸೆಂಟ್ ಬಡ್ಡಿ ಕೊಡಬೇಕು ಅಂತ ಐತಿ. ಹೊಲದವ್ರ ಮನ್ಯಾಗ ಕೇಳ್ರಿ, ಆ 14 ದಿನ ಎಷ್ಟು ಉದ್ದ ಆಗ್ತಾವ ಅಂತ. 2025ರ ನವೆಂಬರದಾಗ ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನ್ಯಾಗ ರೈತರು ಟನ್ನಿಗೆ 3,500 ಬೇಕಂತ ದಿನಗಟ್ಟಲೆ ಕುಂತಿದ್ರು, ಕಡೀಕ 3,300ಕ್ಕ ಬಂದು ನಿಂತಿತು. ಆ ದಿನಗೊಳಾಗ ಕಬ್ಬು ಹೊಲದಾಗ ನಿಂತಿತ್ತು. ಕಾರ್ಡಿನ ತಾರೀಖು ಮಾತ್ರ ಯಾರ ಧರಣಿಗೂ ನಿಲ್ಲೂದಿಲ್ಲ.

ತಾರೀಖು ತಪ್ಪಿದ್ರ ಏನಾಗ್ತೈತಿ? ಬಿಲ್ಲಿನ್ಯಾಗ "ಮಿನಿಮಮ್ ಡ್ಯೂ" ಅಂತ ಸಣ್ಣ ಅಂಕಿ ಇರ್ತೈತಿ. ಅಷ್ಟ ಕಟ್ಟಿದ್ರ ಸಾಕು ಅನಸ್ತೈತಿ. ಸಾಕಾಗೂದಿಲ್ಲ. ಉಳಿದಿದ್ದಕ್ಕ ತಿಂಗಳಿಗೆ 3.5 ಪರ್ಸೆಂಟಿನ ಆಸುಪಾಸು ಬಡ್ಡಿ. 20,000 ಬಾಕಿ ಉಳಿದ್ರ ಒಂದು ತಿಂಗಳಿಗೆ 700, ಅದರ ಮ್ಯಾಲ ಜಿಎಸ್‌ಟಿ 126, ಒಟ್ಟ 826. ಮೂರು ತಿಂಗಳಾಗ 2,478. ವರ್ಷಪೂರ್ತಿ ಗಳಿಸಿದ 1,820 ರೂಪಾಯಿ ವಿಮಾನ ಹಾರಿಹೋತು, ಮ್ಯಾಲ ಕೈಯಿಂದ ಹಾಕಬೇಕಾತು. ಬಾಕಿ ಇದ್ದಾಗ ಹೊಸಾ ಖರೀದಿಗೂ ಬಡ್ಡಿ ಬಿಡುವು ಸಿಗೂದಿಲ್ಲ. ಊರಾಗ ಯಾರರ ಸಾವಕಾರ ನೂರಕ್ಕ ಮೂರೂವರಿ ರೂಪಾಯಿ ಬಡ್ಡಿ ಕೇಳಿದ್ರ ಕಟ್ಟಿ ಮ್ಯಾಲ ಕುಂತು ಎಲ್ಲಾರೂ ಬೈತೀವಿ. ಅದ ಬಡ್ಡಿ ಚಂದನ ಕಾರ್ಡಿನ್ಯಾಗ ಬಂದ್ರ ಸುಮ್ನಿರ್ತೀವಿ. ಮ್ಯಾಲ ಸಿಬಿಲ್ ಕೆಡ್ತೈತಿ, ಮುಂದ ಟ್ರ್ಯಾಕ್ಟರ್ ಸಾಲಕ್ಕೋ ಮನಿ ಸಾಲಕ್ಕೋ ಹೋದಾಗ ಬ್ಯಾಂಕಿನವ್ರು ಇದನ್ನ ತಗದು ತೋರಸ್ತಾರ.

"ಹಂಗಂದ್ರ ಕಾರ್ಡ ಕೆಟ್ಟದ್ದು ಅಂತೀರೇನು ವೈನಿ?" ಅಂತ ಹುಕ್ಕೇರಿಯಾಗಿರೂ ನಮ್ಮ ಮೈದುನ ಕೇಳ್ತಾನ. ಅವ ಮಾಸ್ತರ, ಪಗಾರ ತಿಂಗಳಾ ಬರ್ತೈತಿ. ಅವಗ ಕೆಟ್ಟದ್ದಲ್ಲ. 45 ದಿನ ಬ್ಯಾಂಕಿನ ರೊಕ್ಕ ಬಡ್ಡಿ ಇಲ್ದ ಬಳಸ್ತಾನ, ತಾರೀಖಿಗೆ ಪೂರಾ ಬಿಲ್ ಖಾತೆಯಿಂದ ತಾನ ಹೋಗೂಹಂಗ ಮಾಡ್ಯಾನ. ಮಿಲಿಟರ್ಯಾಗಿದ್ದು ವರ್ಷಕ್ಕ ಎರಡು ಮೂರು ಸಲ ದಿಲ್ಲಿ ಮ್ಯಾಲಿಂದ ರಜಾಕ್ಕ ಬರೂ ಹುಡುಗೂರಿಗೂ ಇದು ಉಪಯೋಗ ಆಗಬಹುದು, ಅವರು ಹೆಂಗಿದ್ರೂ ಹಾರಾವ್ರು. ನಾನು ಹೇಳೂದಿಷ್ಟ: ಹಾರಾವ್ರು ಪಾಯಿಂಟ್ ಗಳಿಸಲಿ, ಪಾಯಿಂಟ್ ಸಂಬಂಧ ಹಾರೂದು ಬ್ಯಾಡ.

ಅಂಥಾವ್ರಿಗೂ ನನ್ನ ಸಲಹಾ ಹಿಂಗ ಐತಿ. ಒಂದ ಕಂಪನಿಗೆ ಕಟ್ಟಿಹಾಕೂ ಕಾರ್ಡಿಗಿಂತ, ಯಾವ ವಿಮಾನಕ್ಕಾದ್ರೂ ಪಾಯಿಂಟ್ ಬಳಸಾಕ ಬರೂ ಕಾರ್ಡ್ ಚಲೋ. ಅದಕ್ಕಿಂತ ಫೀ ಇಲ್ದ ರುಪೇ ಕಾರ್ಡ್, ನೇರ ರೊಕ್ಕ ವಾಪಸ್ ಕೊಡೂದು ಸಿಕ್ರ ಇನ್ನೂ ಚಲೋ. ರೊಕ್ಕಕ್ಕ ಯಾವ ಕಂಪನಿ ಮುಚ್ಚಿದ್ರೂ ಬೆಲಿ ಹೋಗೂದಿಲ್ಲ, ರೈಲ್ವೆ ಟಿಕೆಟ್ಟಿಗೂ ಬರ್ತೈತಿ. ಲಾಂಜಿನ್ಯಾಗ ಪುಕ್ಕಟೆ ಊಟ ಅಂತ ಆಸೆ ತೋರಸ್ತಾರ. ಈಗ ಬಹಳ ಬ್ಯಾಂಕು ಹಿಂದಿನ ಮೂರು ತಿಂಗಳಾಗ ಇಂತಿಷ್ಟು ಖರ್ಚ ಮಾಡಿದ್ರಷ್ಟ ಒಳಗ ಬಿಡ್ತಾವ. ಒಂದು ಪ್ಲೇಟ್ ಇಡ್ಲಿ ಸಂಬಂಧ ಹತ್ತಾರು ಸಾವಿರ ಖರ್ಚ ಮಾಡೂದು ನನಗ ತಿಳಿಯೂದಿಲ್ಲ.

ಈಗಾಗಲೇ ಕಾರ್ಡ್ ತಗೊಂಡು ಒಜ್ಜಿ ಆಗೇತಿ ಅನ್ನಾವ್ರು ಅಂಜಬ್ಯಾಡ್ರಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಬಾಕಿ ಪೂರಾ ಕಟ್ಟಿ ಕಾರ್ಡ್ ಬಂದ್ ಮಾಡ್ರಿ ಅಂತ ಕೇಳಿದ್ರ 7 ಕೆಲಸದ ದಿನದಾಗ ಬ್ಯಾಂಕು ಬಂದ್ ಮಾಡಬೇಕು, ತಡಾ ಮಾಡಿದ್ರ ದಿನಕ್ಕ 500 ರೂಪಾಯಿ ನಿಮಗ ಕೊಡಬೇಕು. ಕೇಳದ ಕಾರ್ಡ್ ಕಳಿಸೂಹಂಗೂ ಇಲ್ಲ. ಬಂದ್ ಮಾಡೂಕಿಂತ ಮೊದಲ ಇದ್ದ ಪಾಯಿಂಟ್ ಬಳಸಿಬಿಡ್ರಿ, ಅಷ್ಟ.

ಉದ್ರಿ ಅನ್ನೂದು ನಮಗ ಹೊಸಾದಲ್ಲ. ಕಿರಾಣಿ ಅಂಗಡಿ ಉದ್ರಿ ವಹಿ ಸುಗ್ಗಿತನಕ ಕಾಯ್ತಿತ್ತು, ಅಂಗಡಿಯಾಂವಗ ನಮ್ಮ ಹೊಲ ಎಲ್ಲೈತಿ, ಗಾಣ ಯಾವಾಗ ಚಾಲೂ ಆಗ್ತೈತಿ ಅಂತ ಗೊತ್ತಿತ್ತು. ಕಾರ್ಡಿಗೆ ಇದ್ಯಾವ್ದೂ ಗೊತ್ತಿಲ್ಲ. ಅದಕ್ಕ ಸಹಿ ಮಾಡೂಕಿಂತ ಮೊದಲ "ಈ ಕಾರ್ಡ್ ನನಗ ಏನು ಕೊಡ್ತೈತಿ" ಅಂತ ಕೇಳಬ್ಯಾಡ್ರಿ. ನಮ್ಮ ಮನಿಗೆ ರೊಕ್ಕ ಯಾವ ತಿಂಗಳಾಗ ಬರ್ತೈತಿ ಅಂತ ಕೇಳ್ರಿ. ಹನ್ನೆರಡೂ ತಿಂಗಳು ಬರ್ತೈತಿ ಅಂದ್ರಷ್ಟ ಮುಂದಿನ ಮಾತು.