ಗುರಿ ಮುಟ್ಟಿದ ಅಂಕಿ, ಲೆಕ್ಕಕ್ಕೆ ಸಿಗದ ಸಾವು

2020ರ ಮಾರ್ಚ್ ಕೊನೆಯಲ್ಲಿ ಮೈಸೂರು ಜಿಲ್ಲೆಯ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಿಗೆ ಕೋವಿಡ್ ದೃಢಪಟ್ಟಿತು. ಕೆಲವೇ ವಾರಗಳಲ್ಲಿ ಅದರ ನಂಟಿನ ಪ್ರಕರಣಗಳು 70 ದಾಟಿದವು. ಆಗಸ್ಟ್ 20ರಂದು ಅದೇ ತಾಲ್ಲೂಕಿನ ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡರು. ಕೋವಿಡ್ ಪರೀಕ್ಷೆಯ ಗುರಿ ಮುಟ್ಟಿಸುವ ಒತ್ತಡವೇ ಕಾರಣವೆಂದು ಕುಟುಂಬದವರೂ ಸಹೋದ್ಯೋಗಿಗಳೂ ಆರೋಪಿಸಿದರು. ವೈದ್ಯರು ಪ್ರತಿಭಟಿಸಿದರು, ತನಿಖೆಗೆ ಆದೇಶವಾಯಿತು. ಆರೋಪದ ನಿಜವೇನೇ ಇರಲಿ, ಆರೋಗ್ಯ ಇಲಾಖೆಯ ಅಂಕಿ ಮೇಲಿನವರಿಗೆ ತಪ್ಪದೆ ಒಪ್ಪಿಸಬೇಕಾದ ಕಪ್ಪವಾಗಿಬಿಟ್ಟಿದೆ ಎಂಬ ಎಚ್ಚರಿಕೆ ಅಂದೇ ಸಿಕ್ಕಿತ್ತು. ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ.

ಹಾವು ಕಡಿತದ ಲೆಕ್ಕವನ್ನೇ ನೋಡಿ. ಕಬಿನಿ, ಕಾವೇರಿಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ನಂಜನಗೂಡು, ತಿ. ನರಸೀಪುರದ ಗದ್ದೆಗಳಲ್ಲಿ ದುಡಿಯುವವರಿಗೆ ಈ ಭಯ ಹೊಸದಲ್ಲ. ಆದರೆ 2023ರಲ್ಲಿ ಇಡೀ ರಾಜ್ಯದಲ್ಲಿ ದಾಖಲಾದದ್ದು 6,596 ಪ್ರಕರಣ. ಸಾವು ಬರೀ 19. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಹತ್ತೊಂಬತ್ತನ್ನು ನಂಬಲಾರರು. ನಾಟಿ ಔಷಧಿ ಮಾಡಿಸಿ ಮನೆಯಲ್ಲೇ ಸತ್ತವರು, ಆಸ್ಪತ್ರೆಯ ದಾರಿಯಲ್ಲಿ ಜೀವ ಬಿಟ್ಟವರು ಯಾವ ಪಟ್ಟಿಗೂ ಸೇರುವುದಿಲ್ಲ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ವಿಷನಿರೋಧಕ ಚುಚ್ಚುಮದ್ದು ಇರಬೇಕೆಂಬುದು ತೀರ್ಮಾನವಾಗುವುದು ಇದೇ ಪಟ್ಟಿಯಿಂದ. 2024ರ ಫೆಬ್ರುವರಿಯಲ್ಲಿ ಸರ್ಕಾರ ಹಾವು ಕಡಿತದ ವರದಿಯನ್ನು ಕಡ್ಡಾಯಗೊಳಿಸಿದ್ದು ಒಳ್ಳೆಯದೇ. ಆದರೆ ಮನೆಯಲ್ಲಾದ ಸಾವಿನ ಕಾರಣ ಕೇಳುವವರಿಲ್ಲದಿದ್ದರೆ ಆದೇಶ ಕಡತದಲ್ಲೇ ಉಳಿಯುತ್ತದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಸುಮಾರು ಶೇ 22.5ರಷ್ಟಕ್ಕೆ ಮಾತ್ರ.

ಸಂಗ್ರಹ ಹೀಗಾದರೆ ಮಂಡನೆ ಇನ್ನೂ ಮೋಸದ್ದು. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಓದುವ ‘ಶೇಕಡಾ ಇಷ್ಟು ಸಾಧನೆ’ಯನ್ನು ಯಾವ ಜನಸಂಖ್ಯೆಯಿಂದ ಭಾಗಿಸಿದ್ದೆಂದು ಕೇಳುವವರು ಕಡಿಮೆ. 2021ರ ಜನಗಣತಿ ನಡೆಯಲೇ ಇಲ್ಲ. 2011ರ ಎಣಿಕೆಯನ್ನು ಹಿಗ್ಗಿಸಿಯೇ ಇಷ್ಟು ವರ್ಷ ಗುರಿ ನಿಗದಿಯಾಗಿದೆ. ತಿ. ನರಸೀಪುರದ ಹೆಣ್ಣುಮಗಳು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಹೆತ್ತರೆ ಆ ಹೆರಿಗೆ ಆಸ್ಪತ್ರೆಯ ಲೆಕ್ಕಕ್ಕೆ ಹೋಗುತ್ತದೆ. ತಾಲ್ಲೂಕಿನ ಸಂಖ್ಯೆ ಇಳಿದಂತೆ, ನಗರದ್ದು ಏರಿದಂತೆ ಕಾಣುತ್ತದೆ. ಇದನ್ನು ವಿವರಿಸದೆ ಹಾಳೆಗೆ ಕೆಂಪು, ಹಸಿರು ಬಣ್ಣ ಬಳಿದರೆ ಕೆಳಗಿನ ಸಿಬ್ಬಂದಿ ಬೈಗುಳ ತಪ್ಪಿಸಿಕೊಳ್ಳುವ ಅಂಕಿಯನ್ನೇ ಕೊಡುತ್ತಾರೆ. ಇತ್ತ ಆಶಾ ಕಾರ್ಯಕರ್ತೆ ಮನೆಮನೆ ಸುತ್ತಿ ಮಾಡಿದ ಕೆಲಸ ಇಲಾಖೆಯ ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ಪ್ರೋತ್ಸಾಹಧನಕ್ಕೆ ಕತ್ತರಿ ಬೀಳುತ್ತದೆ. ಪ್ರೋತ್ಸಾಹಧನವನ್ನು ಪೋರ್ಟಲ್‌ಗೆ ಜೋಡಿಸುವುದು ಬೇಡವೆಂದು ಆಶಾ ಕಾರ್ಯಕರ್ತೆಯರು ಬೆಂಗಳೂರಿನವರೆಗೂ ಹೋಗಿ ಹೋರಾಡಿದ್ದಾರೆ.

ಲೆಕ್ಕ ಇಡುವುದು ನಮಗೆ ಬಾರದ ವಿದ್ಯೆಯೇನಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಯಾವ ಗುರಿಗೂ ಬರೆದದ್ದಲ್ಲ ಅದು. ಅರ್ಧ ಶತಮಾನ ಕಳೆದ ಮೇಲೆ ಆ ಪುಸ್ತಕಗಳ ಆಧಾರದಲ್ಲಿ ಅಲ್ಲಿ ಹುಟ್ಟಿದವರನ್ನು ಹುಡುಕಿ ತಪಾಸಣೆ ಮಾಡಲಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗ ಹೆಚ್ಚೆಂಬ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಅದೇ ಜಿಲ್ಲೆಯಲ್ಲಿ ಇಂದು ಹಾವು ಕಡಿದು ಸತ್ತವರೆಷ್ಟು ಎಂಬುದಕ್ಕೆ ನಂಬುವಂಥ ಲೆಕ್ಕವಿಲ್ಲದಿರುವುದು ನಾಚಿಕೆಗೇಡು.

ಆಗಬೇಕಾದದ್ದು ಸ್ಪಷ್ಟವಿದೆ. ಅಂಕಿ ಕಡಿಮೆಯಾಯಿತೆಂದು ನೋಟಿಸ್ ಕೊಡುವುದನ್ನು ನಿಲ್ಲಿಸಿ, ಸುಳ್ಳು ಅಂಕಿಯನ್ನು ಮಾತ್ರ ಪ್ರಶ್ನಿಸಬೇಕು. ಮನೆಯಲ್ಲಾದ ಪ್ರತಿ ಸಾವಿನ ಕಾರಣವನ್ನು ತರಬೇತಾದವರು ಕುಟುಂಬದವರಿಂದ ಕೇಳಿ ಬರೆದುಕೊಳ್ಳಬೇಕು. ಹೆರಿಗೆ, ರೋಗ, ಸಾವನ್ನು ವಾಸದ ಊರಿಗೇ ಸೇರಿಸಿ ಎಣಿಸಬೇಕು. ತಾಲ್ಲೂಕಿನ ಆರೋಗ್ಯದ ಅಂಕಿಅಂಶವನ್ನು ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ತಮ್ಮ ಊರಿನ ಸಾವನ್ನು ಬಲ್ಲವರು ತಪ್ಪನ್ನು ಅಲ್ಲೇ ಹಿಡಿಯುತ್ತಾರೆ. ಜಿಲ್ಲಾಡಳಿತ ಈ ಕೆಲಸವನ್ನು ನಂಜನಗೂಡು, ತಿ. ನರಸೀಪುರದಿಂದಲೇ ಶುರು ಮಾಡಲಿ. ಮುಂದಿನ ಸಾಂಕ್ರಾಮಿಕ ನಮ್ಮ ಪೋರ್ಟಲ್ ಭರ್ತಿಯಾಗುವವರೆಗೆ ಕಾಯುವುದಿಲ್ಲ.